ಅರವತ್ತು ಕುರಿ, ಒಂದು ವಿಮಾನ

ಹೊಳಲ್ಕೆರೆಯ ರಘುನಾಥಪ್ಪನವರ ಮೈಯಿಂದ ಆಸ್ಪತ್ರೆಯ ವಾಸನೆ ಬರುತ್ತದೆಂಬ ಸಂಗತಿಯನ್ನು ಮೊಟ್ಟಮೊದಲು ಪತ್ತೆಹಚ್ಚಿದ ಕೀರ್ತಿ ಎದುರುಮನೆಯ ಏಕನಾಥಮ್ಮನವರಿಗೇ ಸಲ್ಲಬೇಕು. ಈ ಏಕನಾಥಮ್ಮ ಬೆಳಗ್ಗೆ ಐದೂವರೆಗೆ ಅಂಗಳಕ್ಕೆ ನೀರು ಹಾಕಲು ಬಂದರೆ ಏಳೂವರೆಯವರೆಗೂ ಅದೇ ಅಂಗಳಕ್ಕೆ ನೀರು ಹಾಕುತ್ತಿದ್ದರು. ಬೀದಿಯಲ್ಲಿ ಯಾರು ಹೋದರು, ಹೋದವರ ಕೈಯಲ್ಲಿ ಏನಿತ್ತು, ಬರುವಾಗ ಅದು ಏಕೆ ಇರಲಿಲ್ಲ, ಎಲ್ಲವೂ ಅವರಿಗೆ ಬಾಯಿಪಾಠ. ಮಾರ್ಕೆಟ್ ಯಾರ್ಡಿನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದು, ಹೋದ ವರ್ಷ ಶಾಲು ಹಾರ ಹಾಕಿಸಿಕೊಂಡು ನಿವೃತ್ತರಾದ ರಘುನಾಥಪ್ಪ ಒಂದು ವಾರದಿಂದ ದಿನಾ ಬೆಳಗ್ಗೆ ಆರಕ್ಕೆ ಸ್ಕೂಟರಿನ ಮುಂದೆ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು, ಅದರ ಮೇಲೆ ಹಳೆ ಪಂಚೆ ಹೊದಿಸಿ, ತಾಳ್ಯದ ರಸ್ತೆ ಹಿಡಿಯುತ್ತಿದ್ದದ್ದು ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಎಲ್ಲಿಗ್ ಹೊಂಟ್ರಿ ರಘುನಾಥಪ್ಪಾರೆ?"

"ವಾಕಿಂಗು ಕಣಮ್ಮ."

"ಸ್ಕೂಟರ್ ಮ್ಯಾಲಾ?"

"ಅಲ್ಲಿಗ್ ಹೋಗಿ ವಾಕಿಂಗು."

"ಡಬ್ಬಿ ಯಾಕೆ?"

"ಅದೂ ವಾಕಿಂಗಿಗೇ," ಎಂದು ರಘುನಾಥಪ್ಪ ಸ್ಕೂಟರನ್ನು ಒದ್ದರು. ಅದು ನಾಲ್ಕನೇ ಒದೆಗೆ ಹೊತ್ತಿತು. ಅಷ್ಟರಲ್ಲಿ ಏಕನಾಥಮ್ಮ ಹತ್ತಿರ ಬಂದು ಮೂಸಿಯಾಗಿತ್ತು.

ಆ ವಾಸನೆ ಈಥರಿನದು, ಹಿಂದೆ ಆಪರೇಷನ್ನಿಗೆ ಮೊದಲು ರೋಗಿಗೆ ಮೂಸಿಸಿ ಮಲಗಿಸುತ್ತಿದ್ದ ಔಷಧಿಯದು. ಪೆಟ್ಟಿಗೆಯಲ್ಲಿದ್ದದ್ದು ವಿಮಾನ. ವಿಮಾನವೆಂದರೆ ನಾವು ನೀವು ಹತ್ತುವಂಥದ್ದಲ್ಲ, ಮೂರು ಅಡಿ ರೆಕ್ಕೆಯ ಹಗುರ ಮರದ ಮಾದರಿ ವಿಮಾನ. ಅದರ ಮೂತಿಯಲ್ಲಿ ಹೆಬ್ಬೆಟ್ಟಿನ ಗಾತ್ರದ ಒಂದು ನಿಜವಾದ ಎಂಜಿನ್. ನಲವತ್ತು ವರ್ಷದ ಹಿಂದೆ ರಘುನಾಥಪ್ಪ ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಾ ಎನ್‌ಸಿಸಿ ಏರ್ ವಿಂಗಿನಲ್ಲಿದ್ದರು. ಅಲ್ಲಿ ಇಂಥ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಐವತ್ತು ಅಡಿ ಉದ್ದದ ಎರಡು ತೆಳು ಉಕ್ಕಿನ ತಂತಿ, ಅವುಗಳ ತುದಿಗೆ ಒಂದು ಹಿಡಿಕೆ. ಹಿಡಿಕೆ ಹಿಡಿದವನು ಮಧ್ಯೆ ನಿಂತು ತಿರುಗಬೇಕು, ವಿಮಾನ ಅವನ ಸುತ್ತ ಗಿರಗಿರನೆ ಹಾರುತ್ತದೆ. ಕೈ ಮೇಲೆ ಮಾಡಿದರೆ ವಿಮಾನ ಏರುತ್ತದೆ, ಕೆಳಗೆ ಮಾಡಿದರೆ ಇಳಿಯುತ್ತದೆ. ಈಥರು, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಬೆರೆಸಿ ಕುಡಿಸಿದರೆ ಎಂಜಿನ್ ಎಂಥ ಚೆಂದ ಹಾಡುತ್ತಿತ್ತು ಅಂತೀರಿ! ಎಂಜಿನ್ ಹೊತ್ತಿಸಲು ಮೂತಿಯ ಫಂಕವನ್ನು ಬೆರಳಿಂದ ಹೊಡೆದು ಹೊಡೆದು ಎಲ್ಲ ಹುಡುಗರ ಬಲಗೈ ತೋರುಬೆರಳಿಗೂ ಗಾಯ. ಆ ಗಾಯವೇ ಅವರಿಗೆ ಪದಕ. ಒಂದು ಗಣರಾಜ್ಯೋತ್ಸವದ ದಿನ ಸಾವಿರ ಜನರ ಮುಂದೆ ರಘುನಾಥಪ್ಪ ಕೆಂಪು ವಿಮಾನವನ್ನು ಮೂರು ಸಲ ಲಾಗ ಹೊಡೆಸಿದ್ದರು. ಆಮೇಲೆ ಕೆಲಸ ಸಿಕ್ಕಿತು, ಮದುವೆಯಾಯಿತು, ಮೂವತ್ತನಾಲ್ಕು ವರ್ಷ ಯಾರ್ಡಿನಲ್ಲಿ ಅಡಿಕೆ ಚೀಲದ ಲೆಕ್ಕ ಬರೆದದ್ದಾಯಿತು. ಅವರಿಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಆ ಗಣರಾಜ್ಯೋತ್ಸವದ ದಿನವೇ ಮೊದಲು, ಅದೇ ಕೊನೆ.

ನಿವೃತ್ತಿಯಾದ ಮೇಲೆ ಟ್ರಂಕಿನಲ್ಲಿ ಅಂಗಿ ತುಂಡಿನಲ್ಲಿ ಸುತ್ತಿಟ್ಟಿದ್ದ ಎಂಜಿನ್ ಸಿಕ್ಕಿತು. ಹರಳೆಣ್ಣೆ ಗೋಂದಿನಂತಾಗಿ ಅಂಟಿಕೊಂಡಿದ್ದರೂ ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿದ ಮೇಲೆ ತಿರುಗಿತು. ತಿರುಗಿದ್ದೇ ತಡ, ರಘುನಾಥಪ್ಪನವರಿಗೆ ಇಪ್ಪತ್ತು ವರ್ಷದ ಹುಚ್ಚು ಅರವತ್ತೊಂದಕ್ಕೆ ಮರಳಿ ಹಿಡಿಯಿತು. ಮರ ಕೊರಿಯರಿನಲ್ಲಿ ತರಿಸಿದರು, ಕೊರೆದರು, ಅಂಟಿಸಿದರು.

ಹೆಂಡತಿ ಜಯಶೀಲಮ್ಮ ನೋಡಿ ಹಣೆ ಚಚ್ಚಿಕೊಂಡರು.

"ಏನ್ರೀ ಇದು? ಮಗಳ ಸಂಬಂಧ ಕುದುರೋ ಹೊತ್ತಲ್ಲಿ ಅಪ್ಪ ಗೊಂಬೆ ವಿಮಾನ ಆಡ್ತಾ ಕುಂತ್ಕಂಡವ್ರೆ ಅಂದ್ರೆ ಹೊಸದುರ್ಗದೋರು ಏನಂದ್ಕಂತಾರೆ? ಬುದ್ಧಿ ಸರಿ ಇಲ್ಲ ಅಂದ್ಕಳಲ್ವಾ?"

ಮಾತು ನಿಜವೇ. ಒಬ್ಬಳೇ ಮಗಳು ಕೀರ್ತನಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಏಳು ಗಂಡಿನ ಫೋಟೋ ನೋಡಿ ಏಳಕ್ಕೂ ಮೂಗು ಮುರಿದಿದ್ದವಳು ಎಂಟನೆಯದಕ್ಕೆ, ಹೊಸದುರ್ಗದ ಲೆಕ್ಚರರ್ ಶರಣನಿಗೆ, "ನೋಡಾಣ ಬಿಡಮ್ಮ" ಎಂದಿದ್ದಳು. ಆಮೇಲೆ ದಿನಾ ಅವನ ಜೊತೆ ಫೋನಿನಲ್ಲಿ ನಗುವುದು ಕೇಳಿಸುತ್ತಿತ್ತು. ಈ ಸಂಬಂಧ ತಪ್ಪಿದರೆ ಆ ನಗು ನಿಲ್ಲುತ್ತದಲ್ಲ ಎಂಬುದೇ ರಘುನಾಥಪ್ಪನವರ ಚಿಂತೆ. ಗಂಡಿನ ಕಡೆಯವರು, "ಜಾತಕ ಕೂಡಿ ಬಂದೈತೆ. ಒಂದ್ಸಲ ಬಂದು ವಿಚಾರಿಸ್ಕೊಂಡು ಹೋಗ್ತೀವಿ" ಎಂದು ಹೇಳಿ ಕಳಿಸಿದ್ದರು.

ಇಲ್ಲೇ ಜಯಶೀಲಮ್ಮ ಒಂದು ಸಣ್ಣ ಕೆಲಸ ಮಾಡಿದ್ದರು. ಗಂಡಿನ ಮನೆಯವರು ತಲೆತಲಾಂತರದ ಕುರಿಯವರು. ಇವರೂ ಮೂಲದಲ್ಲಿ ಅದೇ ಆದರೂ, ರಘುನಾಥಪ್ಪನವರ ಅಪ್ಪನ ಕಾಲಕ್ಕೇ ಕುರಿ ಮಾರಿ ಆಗಿತ್ತು. "ಕುರಿ ಎಷ್ಟವೆ?" ಎಂದು ಮಧ್ಯಸ್ಥಿಕೆಯವನು ಕೇಳಿದಾಗ ಇಲ್ಲ ಎನ್ನಲು ನಾಚಿಕೆಯಾಗಿ, "ಅರವತ್ತವೆ. ತಾಳ್ಯದಲ್ಲಿ ಓಬಣ್ಣ ಅಂತ, ಅವನ ಹತ್ರ ಬಿಟ್ಟೀವಿ" ಎಂದುಬಿಟ್ಟಿದ್ದರು. ಓಬಣ್ಣ ಇದ್ದದ್ದು ನಿಜ, ಅವನು ರಘುನಾಥಪ್ಪನವರ ಬಾಲ್ಯದ ಗೆಳೆಯ. ಅವನ ಹತ್ತಿರ ಅರವತ್ತೆರಡು ಕುರಿ ಇದ್ದದ್ದೂ ನಿಜ. ಅವು ಅವನವೇ ಆಗಿದ್ದವು ಎಂಬುದೊಂದೇ ತೊಡಕು. ಅದಾದ ಮೇಲೆ ಜಯಶೀಲಮ್ಮ ಬೀದಿಯ ಮನೆಮನೆಗೂ ಶೇಂಗಾ ಉಂಡೆ ಹಂಚಿ, "ಹೊಸದುರ್ಗದಿಂದ ಯಾರಾನ ಬಂದು ಕೇಳಿದ್ರೆ ನಾಕು ಒಳ್ಳೆ ಮಾತಾಡ್ರಿ, ಕುರಿ ವಿಷ್ಯ ಮರೀಬೇಡ್ರಿ" ಎಂದು ಬಂದಿದ್ದರು. ಹೆಣ್ಣಿನ ಮನೆಯ ಬಗ್ಗೆ ಕೇಳಲು ಬಂದವರ ಹತ್ತಿರ ಕೆಟ್ಟದ್ದು ಆಡುವ ವಂಶವೇ ಆ ಬೀದಿಯಲ್ಲಿ ಇರಲಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಆವತ್ತೊಂದು ದಿನ ದೇವರಂಥ ಮನುಷ್ಯ ಎನ್ನುತ್ತಿದ್ದರು.

ಸಂಬಂಧ ಕುದುರುವವರೆಗೆ ವಿಮಾನ ಮುಟ್ಟುವುದಿಲ್ಲ ಎಂದು ರಘುನಾಥಪ್ಪ ಹೆಂಡತಿಗೆ ಮಾತು ಕೊಟ್ಟರು. ಆದರೆ ಇನ್ನು ಸ್ವಲ್ಪ ದಿನ ಕಳೆದರೆ ದುರ್ಗದ ಸೀಮೆಯ ಗಾಳಿ ಏಳುತ್ತದೆ. ಆ ಗಾಳಿ ಎದ್ದಿತೆಂದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತವೆಯೇ ಹೊರತು ಬೇರೆ ಏನೂ ಹಾರುವುದಿಲ್ಲ. ಹಾಗಾಗಿ ಓಬಣ್ಣನಿಗೆ ಕುರಿಯ ವಿಷಯ ಹೇಳಿ ಬರುತ್ತೇನೆಂದು ಹೆಂಡತಿಗೂ, ವಾಕಿಂಗ್ ಎಂದು ಬೀದಿಗೂ ಹೇಳಿ ಕದ್ದು ಹೋಗುತ್ತಿದ್ದರು. ಓಬಣ್ಣನಿಗೆ ಕುರಿಯ ವಿಷಯ ಹೇಳುವುದಂತೂ ದಿನಾ ಮರೆಯುತ್ತಿತ್ತು.

ಎಂಜಿನ್ ಮಾತ್ರ ಒಂದು ವಾರವಾದರೂ ಹೊತ್ತಲಿಲ್ಲ. ಕುಡಿದದ್ದನ್ನೆಲ್ಲ ಉಗುಳಿತು, ಬೆರಳಿಗೆ ಬಾರಿಸಿತು. ತಂದಿದ್ದ ಈಥರ್ ಮುಗಿಯಿತು. ಕಾಲೇಜುಗಳ ಲ್ಯಾಬಿಗೆ ಸಾಮಾನು ಕೊಡುವ ದುರ್ಗದ ಅಂಗಡಿಗೆ ರಘುನಾಥಪ್ಪ ಎರಡನೇ ಸಲ ಹೋದರು. ಮೊದಲ ಸಲ ಸುಮ್ಮನೆ ಕೊಟ್ಟಿದ್ದ ಅಂಗಡಿಯವನು ಈ ಸಲ ಕನ್ನಡಕ ಏರಿಸಿದ.

"ಎಂಟೇ ದಿನಕ್ಕೆ ಇನ್ನೊಂದು ಬಾಟ್ಲಿನಾ? ಯಾತಕ್ಕೆ ಸಾರ್ ಇದು?"

ಅರವತ್ತೊಂದು ವರ್ಷದ ಮನುಷ್ಯ ಆಟದ ವಿಮಾನಕ್ಕೆ ಎಂದು ಹೇಗೆ ಹೇಳುವುದು? ಮನೆಯಲ್ಲಿ ಹದಿನೈದು ದಿನದಿಂದ ಕೇಳಿ ಕೇಳಿ ತಲೆ ತುಂಬಿದ್ದದ್ದು ಒಂದೇ ಪದ. ಅದೇ ಬಾಯಿಗೆ ಬಂತು.

"ಕುರಿಗೆ."

"ಏನಾಗೈತೆ ಕುರಿಗೆ?"

"ಏನೂ ಆಗಿಲ್ಲ. ಚೆನ್ನಾಗವೆ."

"ಎಷ್ಟು ಕುರಿ?"

"ಅರವತ್ತು."

"ಡಾಕ್ಟರ್ ಚೀಟಿ?"

"ಡಾಕ್ಟರ್ ಯಾಕಪ್ಪ? ನಾನೇ ಬೆಳಗಿನ ಜಾವ ಹೋಗಿ ಮಾಡ್ತೀನಿ."

ಅಂಗಡಿಯವನು ಬಟ್ಟೆ ಸುತ್ತಿದ ತೋರುಬೆರಳನ್ನು ನೋಡಿದ. "ಬೆರಳಿಗೇನಾತು?"

"ಹೊಡೀತು."

"ಕುರಿನಾ?"

"ಹೂಂ," ಎಂದರು ರಘುನಾಥಪ್ಪ. ಒಂದು ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ.

ಅಂಗಡಿಯವನು ಹೆಸರು ವಿಳಾಸ ಬರೆಸಿಕೊಂಡು ಬಾಟಲಿ ಕೊಟ್ಟ. ಅವರು ಮೆಟ್ಟಿಲು ಇಳಿಯುತ್ತಿದ್ದಂತೆ ಫೋನು ಎತ್ತಿದ. ಕಾರಣವಿತ್ತು. ಎರಡು ತಿಂಗಳಿಂದ ಹೊಳಲ್ಕೆರೆ, ಹೊಸದುರ್ಗದ ಕಡೆ ರಾತ್ರಿ ಕೂಡಿಹಾಕಿದ ರೊಪ್ಪಗಳಿಂದ ಕುರಿಗಳು ಮಾಯವಾಗುತ್ತಿದ್ದವು. ಒಂದು ಕುರಿಯೂ ಅರಚಿರಲಿಲ್ಲ, ಒಂದು ನಾಯಿಯೂ ಬೊಗಳಿರಲಿಲ್ಲ. ಕಳ್ಳರು ಏನೋ ಮೂಸಿಸಿ ಮಲಗಿಸುತ್ತಾರೆಂದು ಪೇಪರಿನಲ್ಲೂ ಬಂದಿತ್ತು.

ಮರುದಿನ ನಾಗಣ್ಣನ ಹೋಟೆಲಿಗೆ ಒಬ್ಬ ಅಪರಿಚಿತ ಬಂದ. ಇಸ್ತ್ರಿ ಪ್ಯಾಂಟು, ಮಿರಮಿರ ಕರಿ ಬೂಟು, ಜೇಬಿನಲ್ಲಿ ಪುಟ್ಟ ಪುಸ್ತಕ. ಟೀ ಹೇಳಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಈ ಬೀದೀಲಿ ರಘುನಾಥ್ ಅಂತ ಅವ್ರಂತಲ್ಲ, ಹೆಂಗೆ ಮನುಷ್ಯ?" ಎಂದು ಕೇಳಿದ.

ಅವನು ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ರಾಜಶೇಖರ್, ಮಫ್ತಿಯಲ್ಲಿ ಬಂದಿದ್ದ. ನಾಗಣ್ಣನಿಗೆ ಅದು ಹೇಗೆ ಗೊತ್ತಾಗಬೇಕು? ಅಪರಿಚಿತ, ಇಸ್ತ್ರಿ ಬಟ್ಟೆ, ತಗ್ಗಿದ ದನಿ. ಹೊಳಲ್ಕೆರೆಯಲ್ಲಿ ಹಾಗೆ ಬಂದು ಕೇಳುವವರು ಒಂದೇ ಜಾತಿ, ಗಂಡಿನ ಕಡೆಯವರು. ನಾಗಣ್ಣ ತಿಂದ ಶೇಂಗಾ ಉಂಡೆ ಇನ್ನೂ ಪೂರ್ತಿ ಕರಗಿರಲಿಲ್ಲ.

"ಬರ್ರಿ ಸಾರ್, ಈ ಕಡೆ ಫ್ಯಾನ್ ಕೆಳಗೆ ಕುಂತ್ಕಳ್ರಿ. ರಘುನಾಥಪ್ಪಾರಾ? ಅಂಥೋರು ನಿಮಗೆ ಸಿಗಲ್ಲ."

"ಸಿಗಲ್ವಾ?" ಎಂದು ರಾಜಶೇಖರ್ ಪುಸ್ತಕ ತೆಗೆದ.

"ದುರ್ಬೀನು ಹಾಕಿ ಹುಡುಕಿದ್ರೂ ಸಿಗಲ್ಲ!"

"ಕುರಿ ಅವೆ ಅಂತಾರೆ?"

"ಕುರಿಗೇನ್ ಕಮ್ಮಿ ಸಾರ್! ಅರವತ್ತು ಅಂತ ಅವ್ರು ಹೇಳ್ಕಂತಾರೆ, ದೊಡ್ಡಸ್ತಿಕೆ ಇಲ್ಲದ ಮನುಷ್ಯ. ಇನ್ನೂರರ ಮ್ಯಾಲವೆ. ವಾರವಾರಕ್ಕೂ ಜಾಸ್ತಿ ಆಗ್ತಾನೆ ಅವೆ."

"ಎಲ್ಲಿಂದ ಬರ್ತವೆ?"

"ಅದು ಅವ್ರ ಕೈಗುಣ. ಸಂತೇಲಿ ಒಂದು ಕುರಿ ಕೊಂಡಿದ್ದು ನಾನಂತೂ ನೋಡಿಲ್ಲ. ಆದ್ರೂ ಬರ್ತವೆ!"

ರಾಜಶೇಖರನ ಪೆನ್ನು ಓಡಿತು. ಅಲ್ಲಿಂದ ಅವನು ನೇರ ಏಕನಾಥಮ್ಮನವರ ಅಂಗಳಕ್ಕೆ ಹೋದ. ಆಸ್ಪತ್ರೆ ವಾಸನೆಯ ಬಗ್ಗೆ ಒಂದು ವಾರದಿಂದ ಏಕನಾಥಮ್ಮನಿಗೆ ಅನುಮಾನವಿತ್ತು, ನಿಜ. ಆದರೆ ಬೀದಿಯ ಹೆಣ್ಣುಮಗಳ ವಿಷಯ ಬಂದಾಗ ಅನುಮಾನವನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುವಷ್ಟು ದೊಡ್ಡತನ ಅವರಿಗಿತ್ತು.

"ದಿನಾ ಬೆಳಿಗ್ಗೆ ಆರಕ್ಕೆ ಎದ್ದು ತಾಳ್ಯದ ಓಬಣ್ಣನತ್ರ ಕುರಿ ನೋಡಾಕೆ ಹೋಗ್ತಾರಪ್ಪ. ಕುರಿಗೆ ಔಷಧೀನೂ ಅವ್ರೇ ಕೊಡ್ತಾರೆ, ಮೈಯೆಲ್ಲಾ ಅದೇ ವಾಸ್ನೆ. ಅವ್ರು ಮುಟ್ಟಿದ್ರೆ ಸಾಕು, ಎಂಥಾ ಟಗರಾದ್ರೂ ಕಮಕ್ ಕಿಮಕ್ ಅನ್ನಂಗಿಲ್ಲ, ಕೂಸು ಮಲಗಿದಂಗೆ ಮಲಗ್ತವೆ."

"ನಾಯಿಗಳು?"

ಗಂಡಿನ ಕಡೆಯವರು ನಾಯಿಯ ಬಗ್ಗೆ ಯಾಕೆ ಕೇಳುತ್ತಾರೆಂದು ಏಕನಾಥಮ್ಮ ಒಂದು ಕ್ಷಣ ತಬ್ಬಿಬ್ಬಾದರು. ಆದರೂ ಬಿಟ್ಟುಕೊಡಲಿಲ್ಲ. "ನಾಯಿಗಳೂ ಅಷ್ಟೇಯಪ್ಪ. ಅವ್ರನ್ನ ಕಂಡ್ರೆ ಬೊಗಳಾದೇ ಮರ್ತುಬಿಡ್ತವೆ."

ಸಂಜೆ ಈ ಸುದ್ದಿ ಕೇಳಿ ಜಯಶೀಲಮ್ಮನವರ ಕಾಲು ನೆಲಕ್ಕೆ ತಾಗಲಿಲ್ಲ. "ಎಲ್ಲಾ ಬರ್ಕಂಡು ಹೋದ್ರಂತೆ ಕಣ್ರೀ! ಯಾವ ಸಂಬಂಧದೋರು ಬರ್ಕಂತಾರೆ ಹೇಳ್ರಿ? ಎಷ್ಟು ಮನಸಿಗೆ ಹಿಡಿಸಿರಬ್ಯಾಡ!" ಎಂದು ಗಂಡನಿಗೆ ಎರಡು ಲೋಟ ಪಾಯಸ ಹಾಕಿದರು. ರಘುನಾಥಪ್ಪನವರಿಗೂ ನಿರಾಳವಾಯಿತು. ವಿಚಾರಣೆ ಮುಗಿಯಿತು, ಇನ್ನು ವಿಮಾನಕ್ಕೆ ಹೆದರಬೇಕಾಗಿಲ್ಲ ಎಂದುಕೊಂಡರು.

ಮರುದಿನ ಬೆಳಗ್ಗೆ ಅವರು ಹೋದ ಕಾಲು ಗಂಟೆಗೆ ಬೀದಿಗೆ ಜೀಪು ಬಂತು. ಜೀಪಿನಿಂದ ಖಾಕಿ ಹಾಕಿಕೊಂಡು ಇಳಿದವನು ನಿನ್ನೆಯ ಗಂಡಿನ ಕಡೆಯವನೇ! "ತಾಳ್ಯದ ಓಬಣ್ಣನ ಹೊಲ ಯಾವ ಕಡೆ?" ಎಂದು ಕೇಳಿ, ಹೇಳಿಸಿಕೊಂಡು, ಧೂಳೆಬ್ಬಿಸಿ ಹೋದ. ನಾಗಣ್ಣನ ಕೈಯಿಂದ ಸೌಟು ಬಿತ್ತು. ಏಕನಾಥಮ್ಮ ಹುಟ್ಟಿದಂದಿನಿಂದ ಮೊದಲ ಸಲ ಬಿಂದಿಗೆ ನೀರನ್ನು ಒಂದೇ ಏಟಿಗೆ ಸುರಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಿಜವಾದ ಗಂಡಿನ ಕಡೆಯವರು ಬಂದದ್ದು ಅದಾಗಿ ಇಪ್ಪತ್ತು ನಿಮಿಷಕ್ಕೆ. ಹುಡುಗನ ಸೋದರಮಾವ ಕರಿಸಿದ್ದಪ್ಪ, ಎಪ್ಪತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಕಂಬಳಿ, ಮೊಪೆಡ್ಡು. ಇಸ್ತ್ರಿಯಿಲ್ಲ, ಪುಸ್ತಕವಿಲ್ಲ. ನಾಗಣ್ಣನ ಹೋಟೆಲಿನಲ್ಲಿ ಕೂತು, ದನಿ ತಗ್ಗಿಸಿ, "ಇಲ್ಲಿ ರಘುನಾಥಪ್ಪ ಅಂತ..." ಎಂದರು.

"ಯಾವ ರಘುನಾಥಪ್ಪ?" ಎಂದ ನಾಗಣ್ಣ. "ನಾನು ಈ ಊರಿಗೆ ಬಂದಿದ್ದೇ ನಿನ್ನೆ."

"ಹೋಟ್ಲು ನಿಂದೇ ಅಲ್ವೇನಪ್ಪ? ಬೋರ್ಡಿನ ಮ್ಯಾಲೆ ಸಾವಿರದೊಂಬೈನೂರ ತೊಂಬತ್ತೆಂಟು ಅಂತ ಬರದೈತೆ?"

"ಬೋರ್ಡು ಹಳೇದು."

ಕರಿಸಿದ್ದಪ್ಪ ಏಕನಾಥಮ್ಮನವರ ಬಾಗಿಲು ತಟ್ಟಿದರು. ಅವರು ಕಿಟಕಿಯನ್ನು ಎರಡು ಬೆರಳಷ್ಟು ತೆರೆದರು.

"ಎದುರುಗಡೆ ಮನೆಯೋರು ಹೆಂಗಮ್ಮ?"

"ಎದುರುಗಡೆ ಮನೆ ಐತಾ?" ಎಂದು ಕೇಳಿ ಏಕನಾಥಮ್ಮ ಕಿಟಕಿ ಮುಚ್ಚಿದರು.

ಮೂವತ್ತು ವರ್ಷ ಇದೇ ಬೀದಿಯಲ್ಲಿರುವ ಮನುಷ್ಯನ ಗುರುತೇ ಯಾರಿಗೂ ಇಲ್ಲವೆಂದರೆ ಏನು ಅರ್ಥ? ಕರಿಸಿದ್ದಪ್ಪನವರ ಅನುಮಾನ ಬೆಟ್ಟದಷ್ಟಾಯಿತು. ಜನ ಬಾಯಿ ಬಿಡದಿದ್ದರೆ ಬೇಡ, ಕುರಿಗಳನ್ನಾದರೂ ಎಣಿಸೋಣ ಎಂದು ಮೊಪೆಡ್ಡು ತಿರುಗಿಸಿ ತಾಳ್ಯದ ಕಡೆ ಹೊರಟರು. ಇದಿಷ್ಟೂ ರಘುನಾಥಪ್ಪನವರಿಗೆ ಆಮೇಲೆ ತಿಳಿದದ್ದು.

ಆ ಹೊತ್ತಿಗೆ ಅವರು ಓಬಣ್ಣನ ಬೀಳು ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಫಂಕ ಹೊಡೆಯುತ್ತಿದ್ದರು. ಅರವತ್ತೆರಡು ಕುರಿ ಆ ಬದಿಗೆ ಮೇಯುತ್ತಿದ್ದವು. ಓಬಣ್ಣ ವಿಮಾನದ ಬಾಲ ಹಿಡಿದು ಆಕಳಿಸುತ್ತಿದ್ದ. ಜಾಲಿ ಪೊದೆಯ ಹಿಂದೆ ರಾಜಶೇಖರ್ ಮತ್ತು ಇಬ್ಬರು ಪೊಲೀಸರು ಉಸಿರು ಬಿಗಿಹಿಡಿದು ಕೂತಿದ್ದರು. ಬಾಟಲಿ ತೆಗೆದ, ಹನಿ ಹನಿ ಬಿಟ್ಟ, ಮೂಸಿ ನೋಡಿದ, ಕುರಿಯ ಕಡೆ ನೋಡಿದ ಎಂದು ರಾಜಶೇಖರ್ ಒಂದೊಂದನ್ನೂ ಬರೆದುಕೊಳ್ಳುತ್ತಿದ್ದ. ಕುರಿಯ ಮೇಲೆ ಕೈ ಹಾಕಿದ ಕೂಡಲೇ ಹಿಡಿಯುವುದೆಂದು ತೀರ್ಮಾನವಾಗಿತ್ತು. ಅರ್ಧ ಗಂಟೆಯಾದರೂ ಮನುಷ್ಯ ಕುರಿಯ ಹತ್ತಿರ ಸುಳಿಯಲೊಲ್ಲ.

"ಇದೊಂದ್ಸಲ ನೋಡ್ತೀನಿ ಕಣೋ ಓಬಣ್ಣ," ಎಂದು ರಘುನಾಥಪ್ಪ ತಿರುಪನ್ನು ಕೂದಲೆಳೆಯಷ್ಟು ಬಿಗಿ ಮಾಡಿ, ಫಂಕಕ್ಕೆ ಒಂದೇಟು ಕೊಟ್ಟರು.

ಹೊತ್ತಿತು!

ಗುಂಯ್ ಎಂದು ಆ ಸದ್ದು ಹೊಲ ತುಂಬಿತು. ಪೊದೆಯ ಹಿಂದೆ ಒಬ್ಬ ಪೊಲೀಸ್, "ಅಯ್ಯಪ್ಪೋ! ಹೆಜ್ಜೇನು ಎದ್ದಾವೆ!" ಎಂದು ಕಿರುಚಿ ಬೋರಲು ಬಿದ್ದ. ಜೋಗಿಮಟ್ಟಿಯ ಕಾಡಲ್ಲಿ ಒಂದು ಸಲ ಹೆಜ್ಜೇನು ಕಡಿಸಿಕೊಂಡ ಅನುಭವವಿದ್ದವನು ಅವನು. ಉಳಿದಿಬ್ಬರೂ ಟೋಪಿಯಿಂದ ಮುಖ ಮುಚ್ಚಿಕೊಂಡು ಅವನ ಪಕ್ಕ ಮಲಗಿದರು. ಆಚೆ ದಾರಿಯಲ್ಲಿ ಬರುತ್ತಿದ್ದ ಕರಿಸಿದ್ದಪ್ಪ ಮೊಪೆಡ್ಡು ಬಿಟ್ಟು, ಕಂಬಳಿ ಹೊದ್ದು, ಬದುವಿಗೆ ಒರಗಿ ಮಲಗಿದರು. ಕುರಿಗಾರನಿಗೆ ಆ ಸದ್ದು ಕೇಳಿದರೆ ಮಾಡಬೇಕಾದ್ದು ಅದೊಂದೇ.

ಇತ್ತ ರಘುನಾಥಪ್ಪ ಓಡಿ ಹೋಗಿ ಹಿಡಿಕೆ ಹಿಡಿದು ಕೈ ಬೀಸಿದರು. ಓಬಣ್ಣ ಬಾಲ ಬಿಟ್ಟ. ಕೆಂಪು ವಿಮಾನ ನೆಲ ಬಿಟ್ಟಿತು, ತಂತಿ ಬಿಗಿಯಿತು, ಅಂಗೈಯಲ್ಲಿ ಆ ಹಳೆಯ ಸೆಳೆತ ಬಂತು. ನಲವತ್ತು ವರ್ಷ! ಅಂಗೈಗೆ ಎಲ್ಲವೂ ನೆನಪಿತ್ತು. ಮೈದಾನದ ಸುಣ್ಣದ ಗೆರೆ, ಕ್ಯಾಂಪಿನ ಕಬ್ಬಿಣದ ಮಗ್ಗಿನ ಚಹಾ, "ಶಾಬಾಷ್ ರಘು!" ಎಂದು ಬೆನ್ನು ತಟ್ಟಿದ ಸಾರ್ಜೆಂಟು, ಎಲ್ಲ ಸುತ್ತು ಸುತ್ತಿಗೂ ಬಂದು ಹೋದವು. ರಘುನಾಥಪ್ಪನವರಿಗೆ ಅಳು ಬಂತು, ನಗುವೂ ಬಂತು. "ಹಾರ್ತೈತೆ ಕಣೋ! ಓಬಣ್ಣ, ಹಾರ್ತೈತೆ!" ಎಂದು ಕೂಗಿದರು.

ಜೇನು ಕಡಿಯಲಿಲ್ಲವಲ್ಲ ಎಂದು ರಾಜಶೇಖರ್ ಮೆಲ್ಲಗೆ ಟೋಪಿ ಸರಿಸಿದ. ಕಂಡದ್ದು ಅರ್ಥವಾಗದಿದ್ದರೂ ಕರ್ತವ್ಯ ಅರ್ಥವಾಗಿತ್ತು. ಎದ್ದು ನುಗ್ಗಿದ.

"ಏಯ್! ಪೊಲೀಸ್! ಕೈ ಮ್ಯಾಲೆತ್ತು!"

ಖಾಕಿ ಕಂಡು ರಘುನಾಥಪ್ಪ ಗಾಬರಿಯಲ್ಲಿ ಕೈ ಎತ್ತಿದರು. ವಿಮಾನ ಸೊಯ್ಯನೆ ನೆತ್ತಿಯ ಮೇಲಕ್ಕೆ ಏರಿತು.

"ಇಳಿಸು! ಇಳಿಸು ಕೈ!"

ಇಳಿಸಿದರು. ವಿಮಾನ ನೇರ ರಾಜಶೇಖರನ ಮೂಗಿಗೇ ಬಂತು. ಅವನು ಮತ್ತೆ ಮಲಗಿದ.

"ಬಿಸಾಕು ಅದನ್ನ!"

"ಬಿಡಂಗಿಲ್ಲ ಸಾರ್!" ರಘುನಾಥಪ್ಪ ತಿರುಗುತ್ತಲೇ ಕೂಗಿದರು. "ಎಣ್ಣೆ ಮುಗಿಯೋತನಕ ತಿರುಗ್ಲೇಬೇಕು. ಬಿಟ್ರೆ ಯಾರಿಗಾದ್ರೂ ತಗಲತ್ತೆ! ಒಳಗ್ ಬರಬ್ಯಾಡ್ರಿ, ತಂತಿ ಐತೆ!"

ಅಪರಾಧಿ ಕಣ್ಣೆದುರಿಗೇ ಇದ್ದಾನೆ, ಹಿಡಿಯುವಂತಿಲ್ಲ. ಮೂವರೂ ಸುತ್ತಿನ ಹೊರಗೆ ಕೂತು ಕಾದರು. ಐದು ಸೆಕೆಂಡಿಗೊಮ್ಮೆ ಆರೋಪಿಯ ಮುಖ ರಾಜಶೇಖರನ ಕಡೆ ಬರುತ್ತಿತ್ತು. ಬಂದಾಗೊಂದು ಪ್ರಶ್ನೆ, ಮುಂದಿನ ಸುತ್ತಿಗೆ ಉತ್ತರ.

"ಇನ್ನೂರು ಕುರಿ ಎಲ್ಲಿಟ್ಟಿದೀಯ?"

ಒಂದು ಸುತ್ತು. "ಯಾವ ಇನ್ನೂರು ಕುರಿ ಸಾರ್?"

"ಅರವತ್ತು ಅಂತ ಅಂಗಡೀಲಿ ಹೇಳಿದ್ಯಲ್ಲ?"

ಇನ್ನೊಂದು ಸುತ್ತು. ಈ ಸಲ ರಘುನಾಥಪ್ಪ ಸುಮ್ಮನೆ ಹಾದುಹೋದರು. ಯಾಕೆಂದರೆ ಆ ಬದಿಯಲ್ಲಿ ಕಂಬಳಿ ಹೊದ್ದ ಹಿರಿಯರೊಬ್ಬರು ಬಂದು ನಿಂತದ್ದು ಕಂಡಿತ್ತು, ಪರರ ಮುಂದೆ ಸುಳ್ಳು ಒಪ್ಪಿಕೊಳ್ಳಲು ನಾಚಿಕೆಯಾಯಿತು.

ಎಂಜಿನ್ ಕೆಮ್ಮಿ ನಿಂತಿತು. ವಿಮಾನ ಕುರುಚಲು ಹುಲ್ಲಿನ ಮೇಲೆ ನಯವಾಗಿ ಇಳಿಯಿತು. ಇಳಿಯದೆ ಇದ್ದದ್ದು ರಘುನಾಥಪ್ಪನವರ ತಲೆ ಮಾತ್ರ. ಐವತ್ತು ಸುತ್ತು ಸುತ್ತಿದ್ದ ಮನುಷ್ಯ ನಾಲ್ಕು ಹೆಜ್ಜೆ ವಾರೆ ನಡೆದು ಆ ಕಂಬಳಿಯ ಮೇಲೆಯೇ ಹೋಗಿ ಬಿದ್ದರು.

"ಯಾರಪ್ಪಾ ನೀವು?" ಎಂದರು ಕಣ್ಣು ಮುಚ್ಚಿಕೊಂಡೇ.

"ಕರಿಸಿದ್ದಪ್ಪ. ಹೊಸದುರ್ಗ. ಶರಣನ ಸೋದರಮಾವ."

ರಘುನಾಥಪ್ಪ ಕಣ್ಣು ತೆರೆಯಲೇ ಇಲ್ಲ.

ಅರ್ಧ ಗಂಟೆಯಲ್ಲಿ ಜೀಪು ಹೋಗಿ ಸಾಕ್ಷಿಗಳನ್ನು ಹೊತ್ತು ತಂದಿತು. ನಾಗಣ್ಣ, ಏಕನಾಥಮ್ಮ, ಜೊತೆಗೆ ಅಳುತ್ತಾ ಜಯಶೀಲಮ್ಮ, ಅಳದೆ ಬಿಗಿದ ಮುಖದ ಕೀರ್ತನಾ. ರಾಜಶೇಖರ್ ಪುಸ್ತಕ ತೆರೆದ.

"ನೋಡ್ರಿ, ಇಲ್ಲಿರೋ ಕುರಿ ಅರವತ್ತೆರಡು. ಯಾರವು?"

"ನನ್ನವು ಸಾಮಿ. ನಮ್ಮಪ್ಪನ ಕಾಲದ್ ಹಿಂಡು," ಎಂದ ಓಬಣ್ಣ. ಅವನಿಗೆ ಯಾರೂ ಏನೂ ಹೇಳಿರಲಿಲ್ಲವಲ್ಲ.

"ಹಂಗಾದ್ರೆ ರಘುನಾಥಪ್ಪನ ಕುರಿ ಬೇರೆ ಕಡೆ ಐತೆ. ಸಾಕ್ಷಿಗಳೇ ಹೇಳವ್ರೆ, ಸಂತೇಲಿ ಕೊಂಡಿಲ್ಲ, ವಾರವಾರ ಹೆಚ್ತವೆ ಅಂತ. ಈಥರ್ ಕೈಲೇ ಸಿಕ್ಕೈತೆ. ಕುರಿ ಎಲ್ಲಿಂದ ಬಂದ್ವು ಹೇಳು, ಇಲ್ಲಾಂದ್ರೆ ಜೀಪ್ ಹತ್ತು."

ರಘುನಾಥಪ್ಪ ಹೆಂಡತಿಯ ಕಡೆ ನೋಡಿದರು. ಜಯಶೀಲಮ್ಮ ಕರಿಸಿದ್ದಪ್ಪನವರನ್ನು ಕಣ್ಣಲ್ಲೇ ತೋರಿಸಿ, ಬೇಡ ಎಂದು ತಲೆಯಾಡಿಸಿದರು. ಕುರಿ ಇದೆ ಎಂದರೆ ಕಳ್ಳ. ಕುರಿಯವರ ಮನೆಗೆ ಕುರಿ ಕಳ್ಳನ ಮಗಳು ಸೊಸೆಯಾಗಿ ಹೋದದ್ದುಂಟೇ? ಕುರಿ ಇಲ್ಲ ಎಂದರೆ ಸುಳ್ಳುಗಾರ, ಮೇಲಾಗಿ ಮುದಿ ವಯಸ್ಸಿನಲ್ಲಿ ಗೊಂಬೆ ಆಡುವ ಹುಚ್ಚ. ಎರಡರಲ್ಲಿ ಯಾವುದನ್ನು ಹೇಳಿದರೂ ಮಗಳ ಫೋನು ಇವತ್ತಿಗೆ ನಿಲ್ಲುತ್ತದೆ.

"ಅಪ್ಪಾಜಿ," ಎಂದಳು ಕೀರ್ತನಾ, "ನಿಜ ಹೇಳ್ಬಿಡು. ಆಗಿದ್ದಾಗ್ಲಿ."

"ನನ್ನತ್ರ ಒಂದು ಕುರೀನೂ ಇಲ್ಲ ಸಾರ್!" ರಘುನಾಥಪ್ಪ ಒಮ್ಮೆಲೇ ಕೂಗಿದರು. "ಒಂದು ಮರೀನೂ ಇಲ್ಲ! ಪೆನ್ಶನ್ನು, ಒಂದು ಮನೆ, ಈ ಸ್ಕೂಟರು, ಅಷ್ಟೇ ನನ್ನ ಆಸ್ತಿ. ಈ ವಿಮಾನಕ್ಕೆ ಎಣ್ಣೆ ಬೇಕಿತ್ತು, ಹೇಳಾಕೆ ನಾಚಿಕೆ ಆತು, ಕುರಿ ಅಂದೆ. ಅರವತ್ತೊಂದು ವರ್ಷಕ್ಕೆ ಆಟ ಆಡ್ತಾ ಇದೀನಿ ಸಾರ್. ತಪ್ಪು ಅಂದ್ರೆ ಇದೊಂದೇ ತಪ್ಪು."

"ಹೌದು ಸಾರ್!" ನಾಗಣ್ಣ ಹಿಂದಿನಿಂದ ಮುಂದಕ್ಕೆ ಬಂದ. ದೇವರಂಥ ಮನುಷ್ಯನನ್ನು ಉಳಿಸಲು ಈಗ ಬೈಯಲೇಬೇಕಾಗಿತ್ತು. "ನಾನು ಹೇಳಿದ್ದೆಲ್ಲಾ ಸುಳ್ಳು. ಕುರಿ ಕದಿಯಾಕೆ ಧೈರ್ಯ ಬೇಕು ಸಾರ್, ಇವ್ರಿಗೆಲ್ಲೈತೆ? ಚಿಲ್ಲರೆ ಜಾಸ್ತಿ ಕೊಟ್ರೆ ಎರಡು ಸಲ ವಾಪಸ್ ಬಂದು ಕೊಟ್ಟು ಹೋಗೋ ಮನುಷ್ಯ, ತಲೆ ತಿನ್ನಾಕೆ!"

"ಕುರಿಯ ಹಲ್ಲು ಯಾವ ಕಡೆ, ಬಾಲ ಯಾವ ಕಡೆ ಅಂತ ಗೊತ್ತಿಲ್ಲಪ್ಪ ಇವ್ರಿಗೆ," ಎಂದು ಏಕನಾಥಮ್ಮ ಸೆರಗಿನ ಗಂಟು ಬಿಚ್ಚಿದರು. "ನಾಯಿ ಕಂಡ್ರೆ ಇವ್ರೇ ಬೀದಿ ಬದಲಾಯಿಸ್ತಾರೆ. ಹೆಂಡ್ತಿ ಕೂಗಿದ್ರೆ ಕೈ ಕಟ್ಟಿ ನಿಲ್ತಾರೆ. ಕುಡಿಯಲ್ಲ, ಇಸ್ಪೀಟ್ ಆಡಲ್ಲ, ಗಂಡಸು ಅನ್ನಂಥ ಒಂದು ಲಕ್ಷಣಾನೂ ಇಲ್ಲ."

"ಅರವತ್ತು ಕುರಿ ಅಂದಿದ್ದು ನಾನು," ಎಂದು ಜಯಶೀಲಮ್ಮ ಬಿಕ್ಕಿದರು. "ಅವ್ರನ್ನ ಹಿಡ್ಕಬ್ಯಾಡ್ರಿ."

ರಾಜಶೇಖರ್ ನಿನ್ನೆ ಬರೆದ ಪುಟಗಳನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದ. ಆಮೇಲೆ ಹೊಸದಾಗಿ ಎಲ್ಲರ ಹೇಳಿಕೆ ಬರೆದು, ಓದಿ ಹೇಳಿ, ನಾಗಣ್ಣನ ಸಹಿ, ಏಕನಾಥಮ್ಮನ ಸಹಿ, ಓಬಣ್ಣನ ಹೆಬ್ಬೆಟ್ಟು ಹಾಕಿಸಿದ. "ಇನ್ಮ್ಯಾಲೆ ಎಣ್ಣೆ ತರಾಕೆ ಹೋದ್ರೆ ವಿಮಾನಕ್ಕೆ ಅಂತ್ಲೇ ಹೇಳ್ರಿ ಮಾರಾಯ್ರೆ," ಎಂದು ಟೋಪಿ ಹಾಕಿಕೊಂಡ.

ಇಷ್ಟು ಹೊತ್ತೂ ಕರಿಸಿದ್ದಪ್ಪ ಬದುವಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಈಗ ಕಂಬಳಿ ಕೊಡವಿ ಎದ್ದರು. ಕೀರ್ತನಾ ತಲೆ ತಗ್ಗಿಸಿದಳು. ರಘುನಾಥಪ್ಪ ಕೈ ಮುಗಿದರು.

"ತಪ್ಪಾತು ಯಜಮಾನ್ರೇ. ನಮ್ಮ ಸುಳ್ಳಿಗೆ ಹುಡುಗಿ ಜವಾಬ್ದಾರಳಲ್ಲ."

ಕರಿಸಿದ್ದಪ್ಪ ಅವರನ್ನು ದಾಟಿ ರಾಜಶೇಖರನ ಹತ್ತಿರ ಹೋದರು.

"ಸಾರ್, ಇದ್ರದ್ದೊಂದು ಜೆರಾಕ್ಸ್ ಕೊಡ್ತೀರಾ?"

"ನಿಮಗ್ಯಾಕ್ರೀ?"

"ನಮ್ಮಕ್ಕನಿಗೆ ತೋರಿಸಬೇಕು. ನಲವತ್ತು ವರ್ಷದಿಂದ ಸಂಬಂಧ ವಿಚಾರ್ಸಾ ಕೆಲ್ಸ ನಂದೇ ಸಾರ್. ಹೋದಲ್ಲೆಲ್ಲಾ ದೇವರಂಥೋರೇ ಸಿಗ್ತಾರೆ. ಆಮ್ಯಾಲೆ ಮದ್ವೆ ಆದ್ಮ್ಯಾಲೆ ಗೊತ್ತಾಗ್ತೈತೆ ಯಾವ ದೇವ್ರು ಅಂತ. ಹೆಣ್ಣಿನಪ್ಪ ಕುಡಿಯಲ್ಲ, ಕದಿಯಲ್ಲ, ಚಿಲ್ಲರೆ ವಾಪಸ್ ಕೊಡ್ತಾನೆ ಅಂತ ಮೂರು ಜನ ಸಹಿ ಹಾಕಿ ಬರ್ಕೊಟ್ಟಿದ್ದು ಇದೇ ಮೊದ್ಲು. ಸರ್ಕಾರಿ ಸೀಲೂ ಬೀಳ್ತದಲ್ಲ?"

"ಬೀಳ್ತದೆ," ಎಂದ ರಾಜಶೇಖರ್.

"ಬಿದ್ರೆ ಆತು," ಎಂದು ಕರಿಸಿದ್ದಪ್ಪ ಕೀರ್ತನಾಳ ತಲೆ ಮುಟ್ಟಿ, ರಘುನಾಥಪ್ಪನವರ ಕಡೆ ತಿರುಗಿದರು. "ಬೀಗ್ರೇ, ಸಂಬಂಧ ನಮಗೆ ಒಪ್ಪಿಗೆ. ಇನ್ನು ಶರಣನ ವಿಷ್ಯ ವಿಚಾರ್ಸಾಕೆ ನೀವೂ ಒಂದ್ಸಲ ಹೊಸದುರ್ಗಕ್ಕೆ ಬರ್ಬೇಕು, ಅದು ಪದ್ಧತಿ. ಆದ್ರೆ ಹೋಟ್ಲಲ್ಲಿ ಮಾತ್ರ ಕೇಳಬ್ಯಾಡ್ರಿ. ಅಲ್ಲೆಲ್ಲಾ ನಮ್ಮಕ್ಕ ಆಗಲೇ ಉಂಡೆ ಹಂಚವ್ಳೆ."